ಆ ಮೂರು ವಾರದ ರಜೆ ಯಾರಿಗೆ ಸಿಕ್ತು?

ಕೊರೊನಾ ಕಾಲದ ಆನ್‌ಲೈನ್ ಕ್ಲಾಸ್ ಬಗ್ಗೆ ಮಾತು ಬಂದಾಗೆಲ್ಲ ಎಲ್ರೂ ಹೇಳೋದು ಒಂದೇ ಕಥೆ. ಝೂಮ್, ಮ್ಯೂಟು, ಕ್ಯಾಮೆರಾ ಆಫ್ ಮಾಡಿ ನಿದ್ದೆ ಹೊಡೀತಿದ್ದ ಮಕ್ಕಳು, ಹಿಂದ್ಗಡೆ ಕುಕ್ಕರ್ ಸೀಟಿ. ಸರಿ, ನಮ್ಮಂಥ ಮನೆಗಳಲ್ಲಿ ಹಂಗೇ ಇತ್ತು. ಆದ್ರೆ ನನ್ನ ತಲೇಲಿ ಇವತ್ತಿಗೂ ಕೂತಿರೋದು 2020ರ ದಸರಾ ರಜೆ, ಅದರ ಬಗ್ಗೆ ಯಾರೂ ಮಾತೇ ಆಡಲ್ಲ, ಅದಕ್ಕೆ ಬರೀತಿದೀನಿ. ಉದ್ದ ಆಗುತ್ತೆ, ಬೇಡ ಅನ್ನೋರು ಸ್ಕ್ರಾಲ್ ಮಾಡ್ಕೊಂಡ್ ಹೋಗಿ.

ಆ ವರ್ಷ ಜೂನ್‌ನಲ್ಲಿ ನಡೆದ ಜಗಳ ನೆನಪಿರಬೇಕಲ್ಲ? ಎಲ್‌ಕೆಜಿಯಿಂದ ಐದನೇ ಕ್ಲಾಸ್ ತನಕ ಆನ್‌ಲೈನ್ ಪಾಠ ಮಾಡಂಗಿಲ್ಲ ಅಂತ ಸರ್ಕಾರ ಹೇಳ್ತು, ಪೇರೆಂಟ್ಸು ಕೋರ್ಟಿಗೆ ಹೋದ್ರು, ಜುಲೈ 8ಕ್ಕೆ ಹೈಕೋರ್ಟ್ ತಡೆ ಕೊಡ್ತು. ಟಿವಿ ಚರ್ಚೆ, ವಾಟ್ಸಾಪ್ ಗ್ರೂಪು, ಕಣ್ಣಿಗೆ ಹಾನಿ, ಫೀಸ್ ಕಟ್ಟಬೇಕಾ ಬೇಡ್ವಾ, ಇದೇ. ನಾನೂ ಆ ಗ್ರೂಪ್‌ಗಳಲ್ಲಿ ಇದ್ದೆ. ಇಡೀ ರಾಜ್ಯದ ಶಾಲೆ ಅಂದ್ರೆ ಲ್ಯಾಪ್‌ಟಾಪ್ ಇರೋ ಮನೆ ಮಾತ್ರ ಅನ್ನೋ ಥರ ಮಾತಾಡ್ತಿದ್ದರು ಜನ.

ನಮ್ಮತ್ತಿಗೆ ಶಿವಮೊಗ್ಗ ಕಡೆ ಒಂದು ಸರ್ಕಾರಿ ಪ್ರೈಮರಿ ಶಾಲೆ ಟೀಚರ್ರು. ಅವರ ಊರಲ್ಲಿ ಮಳೆ ಹಿಡೀತು ಅಂದ್ರೆ ಕರೆಂಟ್ ಹೋದ್ಮೇಲೆ ಯಾವಾಗ ಬರುತ್ತೆ ಅಂತ ಯಾರೂ ಕೇಳಲ್ಲ, ಸಿಗ್ನಲ್ ಬೇಕು ಅಂದ್ರೆ ಗುಡ್ಡ ಹತ್ತಬೇಕು. ಹೈಸ್ಕೂಲ್ ಮಕ್ಕಳಿಗೆ ಜುಲೈ 20ರಿಂದ ಚಂದನ ಟಿವಿಲಿ ಸೇತುಬಂಧ ಪಾಠ (ಹಿಂದಿನ ಕ್ಲಾಸಿನ ಪಾಠ ನೆನಪಿಸೋದು) ಶುರುವಾಯ್ತು, ಒಳ್ಳೇದೇ, ಆದ್ರೆ ಟಿವಿ ಓಡೋಕೂ ಕರೆಂಟ್ ಬೇಕಲ್ಲ.

ಆಮೇಲೆ ಆಗಸ್ಟಲ್ಲಿ ವಿದ್ಯಾಗಮ ಬಂತು. ನನ್ನ ಪ್ರಕಾರ ಆ ಇಡೀ ಎರಡು ವರ್ಷದಲ್ಲಿ ಶಿಕ್ಷಣ ಇಲಾಖೆ ಮಾಡಿದ ಬುದ್ಧಿವಂತ ಕೆಲಸ ಇದೊಂದೇ, ಇದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಇಂಟರ್‌ನೆಟ್ ಇರೋ ಫೋನ್ ಯಾರ ಮನೇಲಿದೆ, ಬರೀ ಸಾದಾ ಫೋನ್ ಯಾರದ್ದು, ಏನೂ ಇಲ್ಲದೋರು ಯಾರು ಅಂತ ಮಕ್ಕಳನ್ನ ಪಟ್ಟಿ ಮಾಡಿ, ಮಕ್ಕಳು ಶಾಲೆಗೆ ಬರೋ ಬದಲು ಮೇಷ್ಟ್ರೇ ಅವರಿದ್ದಲ್ಲಿಗೆ ಹೋಗೋದು. ವಠಾರ ಶಾಲೆ. ದೇವಸ್ಥಾನದ ಪೌಳಿ, ಸಮುದಾಯ ಭವನ, ಅರಳಿಕಟ್ಟೆ, ಯಾರದೋ ಮನೆ ಜಗುಲಿ. ಅತ್ತಿಗೆ ಸ್ಕೂಟಿಲಿ ಚೀಲದ ತುಂಬ ಹಾಳೆ ತುಂಬ್ಕೊಂಡು ಹೋಗೋರು, ಅಡಿಕೆ ಅಂಗಳದಲ್ಲಿ ಚಾಪೆ ಹಾಸಿ ದೂರ ದೂರ ಕೂರಿಸಿ ಮಗ್ಗಿ ಹೇಳಿಸೋರು, ದೊಡ್ಡ ಮಕ್ಕಳ ಕೈಲಿ ಚಿಕ್ಕೋರಿಗೆ ಓದಿಸೋರು, ಫೋನ್ ಇರೋ ಮನೆಯೋರು ಪಕ್ಕದ ಮನೆ ಮಗೂನೂ ಕೂರಿಸ್ಕೊಳ್ಳೋ ಹಂಗೆ ಒಪ್ಪಿಸೋರು. ಅಜ್ಜಿಯಂದಿರು ಬಾಗಿಲಲ್ಲಿ ನಿಂತು ತಪ್ಪು ಮಗ್ಗಿ ತಿದ್ದೋರಂತೆ!

ಇದು ನಡೆದಿದ್ದು ಎರಡು ತಿಂಗಳು. ಅಕ್ಟೋಬರಲ್ಲಿ ಅಲ್ಲಲ್ಲಿ ಮಕ್ಕಳಿಗೆ, ಮೇಷ್ಟ್ರುಗಳಿಗೆ ಸೋಂಕು ಬಂತು, ಮೇಷ್ಟ್ರುಗಳು ತೀರ್ಕೊಂಡ ಸುದ್ದಿ ಬಂತು, ಗಲಾಟೆ ಆಯ್ತು, ವಿದ್ಯಾಗಮ ನಿಲ್ಲಿಸಿದ್ರು. ಭಾನುವಾರ ಮುಖ್ಯಮಂತ್ರಿ ಯಡಿಯೂರಪ್ಪ ಹೇಳಿಕೆ, ಸೋಮವಾರ ಅಂದ್ರೆ 12ನೇ ತಾರೀಕಿಂದ 30ರ ತನಕ ದಸರಾ ರಜೆ, ಮುಗೀತು.

ಭಯ ಸುಳ್ಳು ಅಂತ ನಾನು ಹೇಳ್ತಿಲ್ಲ. ಅತ್ತಿಗೆಗೂ ಭಯ ಇತ್ತು, ಮನೇಲಿ ವಯಸ್ಸಾದ ಮಾವ ಇದ್ರು, ಬಂದ ಕೂಡ್ಲೇ ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಬರೋರು. ಆ ಮೇಷ್ಟ್ರುಗಳಿಗೆ ಸರಿಯಾದ ಮಾಸ್ಕು, ಟೆಸ್ಟು, ವಿಮೆ ಕೊಟ್ಟು, ಸೋಂಕು ಜಾಸ್ತಿ ಇರೋ ಊರಲ್ಲಿ ಮಾತ್ರ ನಿಲ್ಲಿಸಿ, ಉಳಿದ ಕಡೆ ರಜೆ ಮುಗಿದ್ಮೇಲೆ ಮತ್ತೆ ಶುರು ಮಾಡಬಹುದಿತ್ತು ಅನ್ನೋದಷ್ಟೇ ನನ್ನ ವಾದ. ಬೀದರಿಂದ ಚಾಮರಾಜನಗರದ ತನಕ ಎಲ್ಲಾ ಹಳ್ಳಿಗೂ ಒಂದೇ ಬೀಗ ಯಾಕೆ?

ರಜೆ ಎಲ್ರಿಗೂ ಒಂದೇ ಅಂತಾರೆ. ಎಲ್ಲಿ ಒಂದೇ? ನನ್ನ ಮಗಳಿಗೆ ಅದು ಸ್ಕ್ರೀನ್‌ನಿಂದ ಬಿಡುಗಡೆ, ಅದೂ ಪೂರ್ತಿ ಅಲ್ಲ, ಅವಳ ಶಾಲೆಯೋರು ರಜೆ ಹಿಂದಿನ ದಿನವೇ ವರ್ಕ್‌ಶೀಟ್ ಪಿಡಿಎಫ್ ಸುರಿದಿದ್ರು, ಪ್ರಿಂಟ್ ಅಂಗಡಿಯೋನಿಗೆ ಹಬ್ಬ. ರಜೆ ಮುಗಿದ್ಮೇಲೆ ಲಾಗಿನ್ ಆದ್ಲು, ಕ್ಲಾಸ್ ಎಲ್ಲಿ ನಿಂತಿತ್ತೋ ಅಲ್ಲಿಂದ ಶುರು. ಅತ್ತಿಗೆ ಊರಿನ ಮಕ್ಕಳಿಗೆ ವಾಪಸ್ ಹೋಗೋಕೆ ಏನೂ ಇರಲಿಲ್ಲ. ಹತ್ತನೇ ಕ್ಲಾಸ್ ಶುರುವಾಗಿದ್ದು, ಆರರಿಂದ ಒಂಬತ್ತಕ್ಕೆ ವಿದ್ಯಾಗಮ ಮತ್ತೆ ಬಂದಿದ್ದು 2021ರ ಜನವರಿ 1ಕ್ಕೆ. ಒಂದರಿಂದ ಐದರ ಮಕ್ಕಳಿಗೆ ಶಾಲೆ ಬಾಗಿಲು ತೆಗೆದಿದ್ದು ಯಾವಾಗ ಗೊತ್ತಾ, 2021ರ ಅಕ್ಟೋಬರ್ 25. ಅಂದ್ರೆ ಇನ್ನೊಂದು ದಸರಾ ಕಳೆದ್ಮೇಲೆ! 2020ರಲ್ಲಿ ಒಂದನೇ ಕ್ಲಾಸಿಗೆ ಹೆಸರು ಹಚ್ಚಿದ ಮಗು ಮೊದಲ ಸಲ ಬೆಂಚ್ ಮೇಲೆ ಕೂತಾಗ ಅದು ಎರಡನೇ ಕ್ಲಾಸು. ಆಮೇಲೆ 2022ರಲ್ಲಿ ಕಲಿಕಾ ಚೇತರಿಕೆ ಅಂತ ಇಡೀ ವರ್ಷದ ಕಾರ್ಯಕ್ರಮ ಮಾಡಬೇಕಾಯ್ತು. ಯಾಕೆ ಮಾಡಬೇಕಾಯ್ತು ಅಂತ ನಾನು ಬೇರೆ ಹೇಳಬೇಕಾ.

ಇದು ಹಳೇ ಕಥೆ ಬಿಡಿ ಅನ್ನೋರಿಗೆ, 2025ರ ದಸರಾನೂ ನೋಡಿದ್ರಲ್ಲ. ಜಾತಿ ಗಣತಿ ಮುಗಿದಿಲ್ಲ, ಮೇಷ್ಟ್ರುಗಳು ಮನೆ ಮನೆ ಸುತ್ತುತಿದಾರೆ ಅಂತ ರಜೆನ ಅಕ್ಟೋಬರ್ 18ರ ತನಕ ಎಳೆದ್ರು, ಯಾವ ಶಾಲೆಗೆ? ಸರ್ಕಾರಿ ಮತ್ತು ಅನುದಾನಿತ. ಗಣತಿ ಬೇಕು, ನಾನೇನು ವಿರೋಧಿ ಅಲ್ಲ. ಆದ್ರೆ ಪ್ರತಿ ಸಲ ಹೊಂದಿಸ್ಕೊಳ್ಳೋ ಪಾಳಿ ಅದೇ ಮಕ್ಕಳದ್ದೇ ಯಾಕೆ, ಆ ಮಕ್ಕಳ ಅಪ್ಪ ಅಮ್ಮ ಕೋರ್ಟಿಗೆ ಹೋಗಲ್ಲ ಅಂತಾನಾ?

2020ರಲ್ಲಿ ವಠಾರ ಶಾಲೆ ನಡೆಸಿದ ಟೀಚರ್‌ಗಳು ನನ್ನ ಲಿಸ್ಟಲ್ಲಿ ಸುಮಾರು ಜನ ಇದೀರಿ. ಆ ರಜೆ ಆದ್ಮೇಲೆ ನಿಮ್ಮ ಗುಂಪಿನ ಮಕ್ಕಳು ಏನಾದ್ರು, ಎಷ್ಟು ಜನ ವಾಪಸ್ ಬಂದ್ರು, ಯಾರು ತೋಟದ ಕೆಲಸಕ್ಕೆ ಹೋದ್ರು, ಕೆಳಗೆ ಬರೀರಿ. ಮಕ್ಕಳ ಹೆಸರು ಬೇಡ, ಊರು ತಾಲೂಕು ಸಾಕು.