ಆಸೆ ಪಿಆರ್‌ದು, ಲೆಕ್ಕ ಮಾತ್ರ ವೀಸಾದ್ದು

ಕೆನಡಾಕ್ಕೆ ಓದಲು ಹೊರಟ ಮಕ್ಕಳ ಮನೆಯಲ್ಲಿ ಎಷ್ಟೋ ಸಲ ಕಾಲೇಜಿನ ಹೆಸರು ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಆದರೆ ಪಿಆರ್ ಅಂದರೆ ಪರ್ಮನೆಂಟ್ ರೆಸಿಡೆನ್ಸಿ, ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ ಅಂತ ಅಜ್ಜಿಗೂ ಗೊತ್ತಿರುತ್ತದೆ. ಓದು ದಾರಿ, ಊರು ಪಿಆರ್. ಇದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಒಳ್ಳೆ ಬದುಕು ಸಿಗೋ ಕಡೆ ಹೋಗಿ ನೆಲೆಸಬೇಕು ಅನ್ನೋದು ಮುಚ್ಚಿಡಬೇಕಾದ ಆಸೆಯಲ್ಲ. ಓದಿ, ದಾರಿ ಸಿಕ್ಕರೆ ಅಲ್ಲೇ ಉಳಿಯುವ ಉದ್ದೇಶವೂ ಇರಬಹುದು ಅಂತ ಕೆನಡಾದ ಕಾನೂನೇ ಒಪ್ಪುತ್ತದೆ. ಅವಧಿ ಮುಗಿದರೆ ಹೊರಡುತ್ತಾನೆ ಅನ್ನುವ ನಂಬಿಕೆ ವೀಸಾ ಅಧಿಕಾರಿಗೆ ಬರಬೇಕು, ಅಷ್ಟೇ.

ನನ್ನ ಸಂಕಟ ಬೇರೆ. ಮನೆಮಂದಿ ಆಸೆ ಪಡುವುದು ಪಿಆರ್‌ಗೆ. ಲೆಕ್ಕ ಹಾಕುವುದು ಮಾತ್ರ ವೀಸಾ ಸಿಗುವವರೆಗೆ.

ನಾನು ಶಿವಮೊಗ್ಗದಲ್ಲಿ ಆಡಿಟರ್. ವೀಸಾಕ್ಕೆ, ಎಜುಕೇಶನ್ ಲೋನಿಗೆ ಬೇಕಾದ, ಮನೆಯವರ ಆಸ್ತಿ-ಸಾಲದ ಲೆಕ್ಕ ತೋರಿಸುವ ನೆಟ್‌ವರ್ತ್ ಸರ್ಟಿಫಿಕೇಟಿಗೆ ಜನ ನನ್ನ ಹತ್ತಿರ ಬರುತ್ತಾರೆ. ಹೋದ ವರ್ಷ ಒಬ್ಬರು ನಿವೃತ್ತ ಮೇಷ್ಟ್ರು ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಮನೆಯ ಕ್ರಯಪತ್ರ, ಇ-ಖಾತೆ, ಕಂದಾಯ ಕಟ್ಟಿದ ರಸೀದಿ, ತೋಟದ ಪಹಣಿ, ಹೆಂಡತಿಯ ಎಫ್‌ಡಿ ಬಾಂಡು. ಎಲ್ಲವನ್ನೂ ವರ್ಷದ ಪ್ರಕಾರ ಜೋಡಿಸಿ ಟ್ಯಾಗ್ ಹಾಕಿದ್ದರು. ಅಡಿಕೆ ತೋಟವನ್ನು ಸಾಮಾನ್ಯವಾಗಿ ಬ್ಯಾಂಕಿನವರು ಇಂಥ ಸಾಲಕ್ಕೆ ಒಪ್ಪುವುದಿಲ್ಲ. ಹಾಗಾಗಿ ಅಡ ಇಡಲು ಉಳಿದದ್ದು ಅವರು ವಾಸ ಇರುವ ಮನೆ. ಸಾಲ 40 ಲಕ್ಷ.

"ಮೇಷ್ಟ್ರೇ, ಹುಡುಗ ಓದೋಕೆ ಹೋಗ್ತಿರೋದು ಏನು?" ಅಂದೆ.

"ಬಿಸಿನೆಸ್ ಮ್ಯಾನೇಜ್‌ಮೆಂಟ್ ಸಾರ್. ಎರಡು ವರ್ಷದ ಡಿಪ್ಲೊಮಾ. ಆಮೇಲೆ ಮೂರು ವರ್ಷ ವರ್ಕ್ ಪರ್ಮಿಟ್ ಕೊಡ್ತಾರಂತೆ. ಅಷ್ಟರಲ್ಲಿ ಪಿಆರ್ ಆಗುತ್ತೆ ಅಂತ ಕನ್ಸಲ್ಟೆನ್ಸಿಯವರು ಹೇಳಿದಾರೆ."

ಅದು ಹಳೇ ಮಾತು. 2024ರ ನವೆಂಬರ್ 1ರಿಂದ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕುವವರಿಗೆ ನಿಯಮ ಬದಲಾಗಿದೆ. ಕಾಲೇಜ್ ಡಿಪ್ಲೊಮಾ ಆದರೆ, ಸರ್ಕಾರ ಪಟ್ಟಿ ಮಾಡಿದ ವಿಷಯಗಳಲ್ಲಿ ಓದಿದವರಿಗೆ ಮಾತ್ರ ಓದಿನ ನಂತರದ ವರ್ಕ್ ಪರ್ಮಿಟ್. ಆರೋಗ್ಯ, ಕೃಷಿ, ವಿಜ್ಞಾನ-ತಂತ್ರಜ್ಞಾನ, ಕುಶಲ ಕೆಲಸಗಳು ಪಟ್ಟಿಯಲ್ಲಿವೆ. ಸಾಮಾನ್ಯ ಬಿಸಿನೆಸ್ ಡಿಪ್ಲೊಮಾ ಇಲ್ಲ. ಅಂದರೆ ಹುಡುಗ ಎರಡು ವರ್ಷ ಓದಿ, ಸರ್ಟಿಫಿಕೇಟ್ ಹಿಡಿದುಕೊಂಡು ವಾಪಸ್ ವಿಮಾನ ಹತ್ತಬೇಕಿತ್ತು. ಮನೆ ಅಡ ಇಡಲು ಹೊರಟವರಿಗೆ ಈ ಒಂದು ಮಾತನ್ನು ಯಾರೂ ಹೇಳಿರಲಿಲ್ಲ. ಸೀಟು ಕೊಡಿಸಿದ್ದಕ್ಕೆ ಏಜೆಂಟರಿಗೆ ಕಾಲೇಜಿನಿಂದ ಕಮಿಷನ್ ಬರುತ್ತದೆ. ಪಿಆರ್ ಆಗಲಿ ಬಿಡಲಿ ಆ ಕಮಿಷನ್ ಬಂದೇ ಬರುತ್ತದೆ. ಇದು ನನಗೆ ನಿಜವಾಗಿ ಸಿಟ್ಟು ತರಿಸುವ ವಿಷಯ.

ಸರಿ, ಪಟ್ಟಿಯಲ್ಲಿರುವ ಕೋರ್ಸೇ ತಗೊಂಡ ಅಂತಿಟ್ಟುಕೊಳ್ಳಿ. ಪಿಆರ್ ಸಿಗುತ್ತಾ?

ಪಿಆರ್‌ಗೆ ಜನರನ್ನು ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ನಡೆಯುವುದು ಅಂಕದ ಮೇಲೆ. ಅಂಕ ಲೆಕ್ಕ ಹಾಕುವ ವ್ಯವಸ್ಥೆ ಅಲ್ಲಿನ ಸರ್ಕಾರದ ವೆಬ್‌ಸೈಟಿನಲ್ಲೇ ಇದೆ, ಪುಕ್ಕಟೆ. ನಮ್ಮ ಕಡೆಯ ಒಬ್ಬ ಹುಡುಗನನ್ನೇ ತಗೊಳ್ಳೋಣ. ಬಿಇ ಆಗಿದೆ. ಅಲ್ಲಿ ಎರಡು ವರ್ಷದ ಡಿಪ್ಲೊಮಾ ಮುಗಿಸಿ ಒಂದು ವರ್ಷ ಕೆಲಸ ಮಾಡಿದ್ದಾನೆ. ವಯಸ್ಸು 29 ದಾಟಿಲ್ಲ, ಮದುವೆ ಆಗಿಲ್ಲ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಲಿಸನಿಂಗ್ 8, ಉಳಿದ ಮೂರರಲ್ಲಿ 7. ವಯಸ್ಸಿಗೆ 110, ಓದಿಗೆ 128, ಇಂಗ್ಲಿಷಿಗೆ 124, ಅಲ್ಲಿನ ಕೆಲಸಕ್ಕೆ 40, ಓದು ಮತ್ತು ಭಾಷೆ ಎರಡೂ ಇದ್ದುದಕ್ಕೆ 50, ಕೆನಡಾದಲ್ಲೇ ಓದಿದ್ದಕ್ಕೆ 15. ಒಟ್ಟು 467. 2025ರಲ್ಲಿ, ಕೆನಡಾದಲ್ಲಿ ಕೆಲಸ ಮಾಡಿದ ಅನುಭವದ ಮೇಲೆ ಕರೆಯುವ ಡ್ರಾಗಳಲ್ಲಿ, ಅಂದರೆ ಅಂಕ ಜಾಸ್ತಿ ಇದ್ದವರನ್ನು ಆರಿಸುವ ಸುತ್ತುಗಳಲ್ಲಿ, ಕಟ್‌ಆಫ್ 500ರ ಮೇಲೆಯೇ ಇತ್ತು. ಇಷ್ಟು ಜಾಣ ಹುಡುಗನೂ ಹೊರಗೇ ನಿಲ್ಲುತ್ತಾನೆ. ಮೊದಲು ಕೆಲಸದ ಆಫರ್ ಲೆಟರ್ ಇದ್ದರೆ 50 ಅಂಕ ಸಿಗುತ್ತಿತ್ತು. 2025ರ ಮಾರ್ಚ್ 25ರಿಂದ ಅದನ್ನೂ ತೆಗೆದುಹಾಕಿದರು. 30 ತುಂಬಿದ ಮೇಲೆ ವಯಸ್ಸಿನ ಅಂಕ ವರ್ಷವರ್ಷವೂ ಇಳಿಯುತ್ತದೆ.

ಇನ್ನೊಂದು ವಿಷಯ, ಇದು ಇಲ್ಲಿಂದ ಹೋಗುವ ತುಂಬಾ ಮಕ್ಕಳಿಗೆ ಗೊತ್ತಿರುವುದಿಲ್ಲ. ಫುಲ್‌ಟೈಮ್ ಓದುವಾಗ ಮಾಡಿದ ಕೆಲಸ ಆ ಅನುಭವದ ಲೆಕ್ಕಕ್ಕೆ ಬರುವುದೇ ಇಲ್ಲ. ಓದು ಮುಗಿದ ಮೇಲೂ ಅಂಗಡಿ ಕ್ಯಾಷಿಯರ್, ಗೋದಾಮಿನಲ್ಲಿ ಮಾಲು ಎತ್ತುವ ಕೆಲಸ ಲೆಕ್ಕಕ್ಕಿಲ್ಲ. ಓದಿನ ನಂತರದ ಈ ವರ್ಕ್ ಪರ್ಮಿಟ್ ಸಿಗುವುದು ಜೀವನದಲ್ಲಿ ಒಂದೇ ಸಲ. ಕಂತು ಕಟ್ಟಬೇಕಲ್ಲ ಅಂತ ಸಿಕ್ಕ ಕೆಲಸಕ್ಕೆ ಸೇರಿದರೆ ಪರ್ಮಿಟ್ ಕರಗುತ್ತಾ ಹೋಗುತ್ತದೆ, ಅಂಕ ಮಾತ್ರ ಏರುವುದಿಲ್ಲ. ಕಂತು ಎಷ್ಟು? 40 ಲಕ್ಷಕ್ಕೆ 11 ಪರ್ಸೆಂಟ್ ಬಡ್ಡಿ, 10 ವರ್ಷ ಅಂದರೆ ತಿಂಗಳಿಗೆ ಸುಮಾರು 55 ಸಾವಿರ. ಓದುವಾಗ ಬೆಳೆಯುವ ಬಡ್ಡಿ ಬೇರೆ. ಕೆನಡಾದ ಸಂಬಳದಲ್ಲಿ ಇದು ಕಷ್ಟಪಟ್ಟಾದರೂ ತೀರುವ ಸಾಲ. ಹುಡುಗ ವಾಪಸ್ ಬಂದು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದರೆ ಅಪ್ಪನ ಪೆನ್ಶನ್ನಿಗೆ ಕೈ ಹಾಕಬೇಕಾಗುತ್ತದೆ.

ದುಡ್ಡು ಮೊದಲೇ ಹೋಗುತ್ತದೆ. ನಿಯಮ ಯಾವುದು ಅಂತ ತೀರ್ಮಾನ ಆಗುವುದು ಮೂರು ನಾಲ್ಕು ವರ್ಷ ಕಳೆದ ಮೇಲೆ. ಈ ನಡುವೆ ಏನಾದರೂ ಆಗಬಹುದು, ಆಗಿದೆ ಕೂಡ. ಖರ್ಚಿಗೆ ತೋರಿಸಬೇಕಾದ ಹಣ 2023ರವರೆಗೆ 10 ಸಾವಿರ ಡಾಲರ್ ಇತ್ತು, 2024ರ ಜನವರಿಯಲ್ಲಿ 20,635 ಆಯಿತು, 2025ರ ಸೆಪ್ಟೆಂಬರ್‌ನಲ್ಲಿ 22,895. ಫೀಸು ಬಿಟ್ಟು 14 ಲಕ್ಷ ರೂಪಾಯಿಗೂ ಜಾಸ್ತಿ. 2025ಕ್ಕೆ 5 ಲಕ್ಷ ಜನರಿಗೆ ಪಿಆರ್ ಕೊಡುತ್ತೇವೆ ಅಂದಿದ್ದ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಅದನ್ನು 3,95,000ಕ್ಕೆ ಇಳಿಸಿತು. ನಾನು ಕೆನಡಾವನ್ನು ದೂರುತ್ತಿಲ್ಲ. ಅಲ್ಲಿ ಬಾಡಿಗೆ ಮನೆ ಸಿಗದೆ ಅವರದೇ ಜನ ಒದ್ದಾಡುತ್ತಿದ್ದರು, ಅವರ ದೇಶ, ಅವರ ತೀರ್ಮಾನ. ಆದರೆ ಆ ತೀರ್ಮಾನದ ಮೇಲೆ ಶಿವಮೊಗ್ಗದ ವಿನೋಬನಗರದ ಒಂದು ಮನೆ ನಿಂತಿದೆ ಅನ್ನೋದು ಅಲ್ಲಿನವರಿಗೆ ಗೊತ್ತಿರುವುದಿಲ್ಲ. ನಮಗೆ ಗೊತ್ತಿರಬೇಕು.

ಹಾಗಾದರೆ ಹೋಗಲೇಬಾರದಾ? ಹಾಗಲ್ಲ. ಪಿಆರ್ ಸಿಗದಿದ್ದರೂ ಇಲ್ಲಿ ಬೆಲೆ ಬರುವ ಓದು ಓದಿ. ಅದಕ್ಕಾಗಿ ಅಪ್ಪ ಅಮ್ಮ ಮಲಗುವ ಮನೆ ಅಡ ಇಡಬೇಡಿ. ಫ್ರೆಂಚ್ ಕಲಿಯಿರಿ. ಫ್ರೆಂಚ್ ಬಲ್ಲವರ ಡ್ರಾಗಳಲ್ಲಿ ಕಟ್‌ಆಫ್ 400ರ ಆಸುಪಾಸಿಗೂ ಇಳಿದಿದೆ. ಎರಡು ವರ್ಷ ಇಲ್ಲೇ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಕಲಿಯಬಹುದು. ಜರ್ಮನಿ ಕಡೆಯೂ ನೋಡಿ. ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುಪಾಲು ಕಡೆ ಫೀಸಿಲ್ಲ, ಓದಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಭಾಷೆ ಕಲಿಯುವ ಕಷ್ಟ ಇದೆ, ಆದರೆ ಆ ಕಷ್ಟಕ್ಕೆ ಮನೆ ಅಡ ಇಡಬೇಕಾಗಿಲ್ಲ.

ಮೇಷ್ಟ್ರ ಮಗ ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಹೊರಗೆ ಹೋಗುವ ಆಸೆ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ.

ಮುಂದಿನ ಇನ್‌ಟೇಕಿಗೆ ಹೊರಟವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಬ್ಯಾಂಕಿಗೆ ಮನೆ ಪತ್ರ ಕೊಡುವ ಮೊದಲು ಒಂದು ಸಲ ಆಫೀಸಿಗೆ ಬನ್ನಿ. ಅಪ್ಪ ಅಮ್ಮನನ್ನೂ ಕರೆದುಕೊಂಡು ಬನ್ನಿ. ಐಇಎಲ್‌ಟಿಎಸ್ ಸ್ಕೋರು, ಕಾಲೇಜಿನ ಆಫರ್ ಲೆಟರ್, ಬ್ಯಾಂಕಿನವರು ಕೊಟ್ಟ ಲೋನಿನ ವಿವರ ಇಷ್ಟು ಇದ್ದರೆ ಸಾಕು. ಅಂಕವನ್ನೂ ಕಂತನ್ನೂ ಒಟ್ಟಿಗೆ ಲೆಕ್ಕ ಹಾಕೋಣ. ಇದಕ್ಕೆ ನಾನು ಫೀಸ್ ತಗೊಳ್ಳುವುದಿಲ್ಲ. ಶನಿವಾರ ಮಧ್ಯಾಹ್ನದ ಮೇಲೆ ಇರುತ್ತೇನೆ.