ಅಗ್ಗದ ಗಾಳ, ದುಬಾರಿ ಕೇದರ

ಮಲ್ಪೆ ಬಂದರಿನಲ್ಲಿ ಒಂದು ಕೇದರ, ಅಂದರೆ ಟ್ಯೂನಾ ಮೀನು, ಕೊಳ್ಳಲು ಐದು ನಿಮಿಷ ಸಾಕು. ಅದನ್ನೇ ಓಡುವ ದೋಣಿಯ ಹಿಂದೆ ಗಾಳ ಎಳೆದು ಹಿಡಿಯುತ್ತೇನೆಂದು ಹೊರಟವರಿಗೆ ದೋಣಿಗಿಂತ ಮೊದಲು ಮನೆಯಲ್ಲಿ ಹೇಳಲು ಒಂದು ಒಳ್ಳೆಯ ಸುಳ್ಳು ಬೇಕಾಗುತ್ತದೆ. "ಈ ಗಾಳದ ರೀಲು ದೋಸ್ತಿಯದ್ದು, ಸ್ವಲ್ಪ ದಿನ ಇಟ್ಕೊಳ್ಳಿ ಅಂದಿದ್ದಾನೆ" ಎನ್ನುವುದು ಚಾಲ್ತಿಯಲ್ಲಿರುವ ಸುಳ್ಳು. ಎರಡನೆಯ ರೀಲು ಮನೆಗೆ ಬರುವವರೆಗೂ ಅದು ಬಾಳಿಕೆ ಬರುತ್ತದೆ.

ಟ್ರೋಲಿಂಗ್ ಎಂಬ ಈ ಗಾಳ ಎಳೆಯುವ ಆಟಕ್ಕೆ ಲಕ್ಷಗಟ್ಟಲೆ ಖರ್ಚು ಎಂಬ ಭಾವನೆ ಹುಟ್ಟುವುದು ವಿಡಿಯೋ ನೋಡಿ. ಅಲ್ಲಿ ಬಂಗಾರದ ಬಣ್ಣದ ರೀಲು, ಸೊಂಟಕ್ಕೆ ಪಟ್ಟಿ, ಕುರ್ಚಿಗೆ ಕಟ್ಟಿಕೊಂಡ ಮನುಷ್ಯ, ಆಚೆ ತುದಿಯಲ್ಲಿ ಆತನಿಗಿಂತ ತೂಕದ ಮೀನು. ನಮ್ಮ ಕರಾವಳಿಯಿಂದ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ದೂರದಲ್ಲಿ ಹೆಚ್ಚಾಗಿ ಸಿಗುವುದು ಎರಡರಿಂದ ನಾಲ್ಕು ಕೆಜಿಯ ಚಿಕ್ಕ ಜಾತಿಯ ಕೇದರ. ಬೆನ್ನ ಮೇಲೆ ಅಡ್ಡಾದಿಡ್ಡಿ ಗೆರೆ, ಎದೆರೆಕ್ಕೆಯ ಕೆಳಗೆ ಕೆಲವು ಕಪ್ಪು ಚುಕ್ಕೆ. ಹಳದಿ ರೆಕ್ಕೆಯ ದೊಡ್ಡದು ಸಾಮಾನ್ಯವಾಗಿ ಇನ್ನೂ ಆಚೆ, ಆಳ ನೀರಿನಲ್ಲಿ. ಆ ದೊಡ್ಡದಕ್ಕೆಂದೇ ತಯಾರಾದ ರಾಡಿಗೆ ಈ ಚಿಕ್ಕದು ಕಚ್ಚಿದರೆ ರಾಡು ತಲೆಯನ್ನೂ ಆಡಿಸುವುದಿಲ್ಲ. ಅರ್ಧ ಗಂಟೆ ಮೀನನ್ನು ಸುಮ್ಮನೆ ಎಳೆದುಕೊಂಡು ತಿರುಗಿ, ಕೊನೆಗೆ "ಇವತ್ತು ಒಂದೂ ಕಚ್ಚಲಿಲ್ಲ ಮಾರಾಯ್ರೆ" ಎಂದು ದಾರ ಸುತ್ತಿದಾಗ ತುದಿಯಲ್ಲಿ ಸತ್ತ ಕೇದರ ಬರುವುದುಂಟು.

ಹಾಗಾಗಿ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದೇ ಇಲ್ಲಿ ಮುಖ್ಯ. ಮೀನಿನ ಕಣ್ಣಿಗೆ ಬೀಳುವುದನ್ನೆಲ್ಲ ಮನೆಯಲ್ಲೇ ಕಸದಿಂದ ಮಾಡಿಕೊಳ್ಳಬಹುದು. ಮೀನು ಎಳೆದಾಗ ತಡೆಯಬೇಕಾದ ಗಾಳದ ಕೊಂಡಿ, ದಾರ ಹುರಿಯಾಗದಂತೆ ತಿರುಗುವ ಸ್ವಿವೆಲ್, ತುದಿಯ ಗಟ್ಟಿ ಲೀಡರ್ ದಾರ, ದಾರವನ್ನು ಒತ್ತಿ ಬಿಗಿಯುವ ಸ್ಲೀವು ಎಂಬ ಲೋಹದ ಕೊಳವೆ, ಓಡುವ ಮೀನಿಗೆ ದಾರವನ್ನು ಬಿಗಿಯಾಗಿ ಬಿಡುವ ರೀಲಿನ ಡ್ರ್ಯಾಗ್ ವಾಷರ್ ಇವಿಷ್ಟಕ್ಕೆ ಜಿಪುಣತನ ಬೇಡ. ನಮ್ಮವರು ಮಾಡುವುದು ಇದರ ಉಲ್ಟಾ: ಎರಡು ಕೆಜಿ ಅಂಜಲ್ ಮೀನಿನ ದುಡ್ಡು ಕೊಟ್ಟು ಲೂರ್ ಎಂಬ ಆಮದು ಹುಸಿ ಮೀನು ತರುತ್ತಾರೆ, ಅದನ್ನು ಹತ್ತು ರೂಪಾಯಿಯ ಹಿತ್ತಾಳೆ ಸ್ವಿವೆಲ್‌ಗೆ ಕಟ್ಟಿ ಸಮುದ್ರಕ್ಕೆ ದಾನ ಮಾಡುತ್ತಾರೆ.

ಎಲ್ಲಕ್ಕಿಂತ ಅಗ್ಗದ ದಾರಿ ಕೈಗಾಳ. ರಾಡಿಲ್ಲ, ರೀಲಿಲ್ಲ. ಸುಮಾರು 2 ಮಿ.ಮೀ. ದಪ್ಪದ ತಂಗೂಸಿ ದಾರ 30 ಮೀಟರ್, ತುದಿಗೆ ಬಾಲ್ ಬೇರಿಂಗ್ ಸ್ವಿವೆಲ್, ಅದರಾಚೆ 80ರಿಂದ 100 ಪೌಂಡ್ ಎಳೆತ ತಡೆಯುವ ಲೀಡರ್ ಮೂರು–ನಾಲ್ಕು ಮೀಟರ್, ಕೊನೆಗೆ ಲೂರ್. ಇಷ್ಟು ದಪ್ಪ ದಾರ ಮೀನಿಗೆಂದಲ್ಲ, ನಮ್ಮ ಅಂಗೈಗೆಂದು. ಸಪೂರ ದಾರವಾದರೆ ಎಳೆಯುವಾಗ ಕೈ ಸೀಳಿಬಿಡುತ್ತದೆ. ದಾರವನ್ನು ನೇರವಾಗಿ ದೋಣಿಗೆ ಕಟ್ಟಿದರೆ ಕಚ್ಚಿದ ಏಟಿಗೆ ಮೀನಿನ ಬಾಯಿ ಹರಿಯುತ್ತದೆ, ಏಕೆಂದರೆ ಚಿಕ್ಕ ಕೇದರದ ಬಾಯಿ ಮೆದು. ಅದಕ್ಕೆ ನಡುವೆ ಬೈಕಿನ ಹಳೆ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿದ ಒಂದು ಮೀಟರ್ ಪಟ್ಟಿ ಬೇಕು. ಟ್ಯೂಬಿನ ಎರಡೂ ತುದಿಗೆ ದಾರವನ್ನು ಕಟ್ಟಿ, ನಡುವಿನ ದಾರ ಸಡಿಲವಾಗಿ ಜೋತಾಡುವಂತೆ ಬಿಡಿ. ಟ್ಯೂಬು ಎರಡರಷ್ಟು ಹಿಗ್ಗಿದಾಗ ಆ ಸಡಿಲ ದಾರ ಬಿಗಿಯಾಗಬೇಕು. ಈ ಸಡಿಲ ದಾರ ಇಡದವರ ಟ್ಯೂಬು ಒಂದು ದಿನ ತುಂಡಾಗಿ ಹಿಂದಕ್ಕೆ ಹಾರುತ್ತದೆ. ಅದು ಬಂದು ಬಡಿಯುವ ಜಾಗದ ಬಗ್ಗೆ ಸಭ್ಯರು ಬರೆಯುವ ಹಾಗಿಲ್ಲ.

ಕೈಗಾಳದ ದಾರವನ್ನು ಎಳೆದೆಳೆದು ಒಂದು ಪ್ಲಾಸ್ಟಿಕ್ ಬುಟ್ಟಿಗೆ ಹಾಕಬೇಕು. ಕಾಲ ಬುಡದಲ್ಲಿ ರಾಶಿ ಹಾಕಿದರೆ ಮೀನು ಮತ್ತೊಮ್ಮೆ ಓಡಿದಾಗ ದಾರದ ಜತೆ ನಿಮ್ಮ ಚಪ್ಪಲಿಯೂ ಹೊರಡುತ್ತದೆ, ಕೆಲವೊಮ್ಮೆ ಒಳಗೆ ಕಾಲು ಇರುವಾಗಲೇ. ಕೈಗೆ ದಾರ ಸುತ್ತಿಕೊಳ್ಳುವ ಶೂರರಿಗೆ ಹೇಳುವುದು ಒಂದೇ: ಬೆರಳು ಮತ್ತೆ ಬೆಳೆಯುವುದಿಲ್ಲ. ಗ್ಲೌಸ್ ಹಾಕಿ.

ರೀಲೇ ಬೇಕೆಂದರೆ ಹೊಸತರಲ್ಲಿ ಅಗ್ಗದ್ದಕ್ಕಿಂತ ಹಳೆಯದರಲ್ಲಿ ಒಳ್ಳೆಯದು ಮೇಲು. ಪೆನ್ ಕಂಪನಿಯ ಸೆನೇಟರ್ ತರಹದ ಹಳೆ ಸ್ಟಾರ್ ಡ್ರ್ಯಾಗ್ (ನಕ್ಷತ್ರಾಕಾರದ ಚಕ್ರ ತಿರುಗಿಸಿ ಬಿಗಿ ಮಾಡುವ) ರೀಲುಗಳು ನೋಡಲು ಅಜ್ಜನ ಕಾಲದವು, ಬಿಚ್ಚಿದರೆ ಒಳಗೆ ರಹಸ್ಯ ಏನೂ ಇಲ್ಲ. ಹಳೆ ವಾಷರ್ ತೆಗೆದು ಕಾರ್ಬನ್ ವಾಷರ್ ಹಾಕಿ, ಡ್ರ್ಯಾಗ್ ಗ್ರೀಸನ್ನು ತೆಳ್ಳಗೆ ಸವರಿ ಮುಚ್ಚಿದರೆ ಮುಗಿಯಿತು. ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ತೆಗೆಯದವರು ಜೋಡಿಸಿ ಮುಗಿಸಿದಾಗ ಮೇಜಿನ ಮೇಲೆ ಒಂದು ಸಣ್ಣ ಸ್ಪ್ರಿಂಗ್ ಉಳಿದಿರುತ್ತದೆ, "ಇದು ಎಕ್ಸ್‌ಟ್ರಾ ಇರಬೇಕು" ಎಂಬ ಸಮಾಧಾನವೂ ಇರುತ್ತದೆ. ತಯಾರಕರು ಎಕ್ಸ್‌ಟ್ರಾ ಸ್ಪ್ರಿಂಗ್ ಹಾಕುವಷ್ಟು ಧಾರಾಳಿಗಳಲ್ಲ.

ದಾರ 30 ಪೌಂಡಿನ ಮೋನೋ, ಅಂದರೆ ಒಂಟಿ ಎಳೆಯ ನೈಲಾನ್, ಮುನ್ನೂರು ಮೀಟರ್. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಬೇಕು. ಸಡಿಲವಾಗಿ ಸುತ್ತಿದ ದಾರದ ಮೇಲಿನ ಸುತ್ತು ಕೆಳಗಿನದರೊಳಗೆ ಹೂತುಕೊಂಡು, ಮೀನು ಓಡುವಾಗಲೇ ಸಿಕ್ಕಿ ತುಂಡಾಗುತ್ತದೆ. ಡ್ರ್ಯಾಗನ್ನು ಕೈಯಲ್ಲಿ ಎಳೆದು ನೋಡಿ "ಹ್ಞಾಂ, ಟೈಟ್ ಉಂಟು" ಎನ್ನುವ ಲೆಕ್ಕ ಬೇಡ. ಬಸ್ಸು-ವಿಮಾನದ ಬ್ಯಾಗು ತೂಗುವ ಕೊಕ್ಕೆ ತಕ್ಕಡಿ ಮನೆಯಲ್ಲಿ ಇದ್ದೇ ಇರುತ್ತದೆ. ದಾರವನ್ನು ಅದಕ್ಕೆ ಕಟ್ಟಿ ಎಳೆದಾಗ ದಾರದ ಸಾಮರ್ಥ್ಯದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ, ಅಂದರೆ ಮೂರೂವರೆಯಿಂದ ನಾಲ್ಕೂವರೆ ಕೆಜಿಗೆ, ರೀಲು ದಾರ ಬಿಡಬೇಕು. ಮೀನು ದಾರ ಎಳೆದುಕೊಂಡು ಹೋದ ಹಾಗೆ ಸುರುಳಿ ಸಣ್ಣದಾಗುತ್ತದೆ. ಸುರುಳಿಯ ಅಡ್ಡಳತೆ ಅರ್ಧವಾದರೆ ಡ್ರ್ಯಾಗ್ ತಾನಾಗಿಯೇ ಎರಡರಷ್ಟಾಗುತ್ತದೆ. ಆಗ ಡ್ರ್ಯಾಗ್ ಸಡಿಲಿಸಬೇಕು. ಆದರೆ ದಾರ ಖಾಲಿಯಾಗುವುದನ್ನು ಕಂಡ ಮನುಷ್ಯನ ಕೈ ಬಿಗಿ ಮಾಡಲು ಮಾತ್ರ ಹೋಗುತ್ತದೆ. ದೋಣಿಯ ಉಳಿದವರೂ "ಟೈಟ್ ಮಾಡು, ಟೈಟ್ ಮಾಡು" ಎಂದೇ ಕೂಗುತ್ತಾರೆ. ದಾರ ತುಂಡಾದ ಮೇಲೆ ಅವರೇ "ಅಷ್ಟು ಟೈಟ್ ಮಾಡಬಾರದಿತ್ತು" ಎನ್ನುತ್ತಾರೆ.

ಈಗ ಕಸದಿಂದ ರಸದ ಭಾಗ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಹೊರಗೆ ಮಳೆ ಬೀಳುತ್ತಿರುವಾಗ ಲೂರ್ ಮಾಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಬರೆದು ಮುಗಿದ ವೈಟ್‌ಬೋರ್ಡ್ ಮಾರ್ಕರಿನ ಕೊಳವೆಯನ್ನು ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಒಳಮೈಯನ್ನು ಮರಳು ಕಾಗದದಲ್ಲಿ ತಿಕ್ಕಿ, ಇಲ್ಲದಿದ್ದರೆ ಎಪಾಕ್ಸಿ ಎಂಬ ಎರಡು ದ್ರವ ಬೆರೆಸುವ ಅಂಟು ಹಿಡಿಯುವುದಿಲ್ಲ. ಮಕ್ಕಳ ಕ್ಲೇ ಉಂಡೆಯ ಮೇಲೆ ಕೊಳವೆಯನ್ನು ನಿಲ್ಲಿಸಿ, ನಟ್ಟನಡುವೆ ಪೆನ್ನಿನ ಖಾಲಿಯಾದ ಹಿತ್ತಾಳೆ ರೀಫಿಲ್ ನೆಡಿ. ಲೀಡರ್ ದಾರ ಹೋಗುವ ದಾರಿ ಅದು. ಪ್ಲಾಸ್ಟಿಕ್ ಸ್ಟ್ರಾ ನೆಟ್ಟರೆ ಎಪಾಕ್ಸಿಯ ಬಿಸಿಗೆ ಸೊಟ್ಟಗಾಗುತ್ತದೆ. ಹತ್ತು ಗ್ರಾಮಿನಷ್ಟು ಸೀಸದ ಚೂರನ್ನು ಒಂದು ಬದಿಗೆ ಅಂಟಿಸಿ; ಆ ಬದಿ ಕೆಳಗಾಗಿ ನಿಂತು ಲೂರ್ ಗಿರಗಿರ ತಿರುಗುವುದು ತಪ್ಪುತ್ತದೆ. ಚಿಪ್ಸ್ ಪೊಟ್ಟಣದ ಬೆಳ್ಳಿಯ ಕಡೆಯನ್ನು ಚೂರು ಚೂರು ಮಾಡಿ ಒಳಗೆ ಹಾಕಿ ಎಪಾಕ್ಸಿ ಸುರಿಯಿರಿ. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಗುಳ್ಳೆ ಬಂದು ಹಳದಿಯಾಗುತ್ತದೆ, ಒಂದು ದಿನ ತೆಗೆದುಕೊಳ್ಳುವ ನಿಧಾನದ್ದೇ ಸರಿ. ಎರಡು ದ್ರವವನ್ನು ಕಣ್ಣಂದಾಜಿನಲ್ಲಿ ಬೆರೆಸಿದರೆ ಒಂದು ವಾರದ ನಂತರವೂ ಲೂರ್ ಬೆರಳಿಗೆ ಅಂಟುತ್ತದೆ. ಗಟ್ಟಿಯಾದ ಮೇಲೆ ಮುಂದಿನ ಮುಖವನ್ನು ಸ್ವಲ್ಪ ಓರೆಯಾಗಿ ತಿಕ್ಕಿ, ಹಿಂಬದಿಯ ಸುತ್ತ ಅರದಲ್ಲಿ ಒಂದು ಕಾಲುವೆ ಕೊರೆಯಿರಿ.

ಆ ಕಾಲುವೆಗೆ ಲಂಗ ಕಟ್ಟುವುದು. ಚಿಪ್ಸ್ ಪೊಟ್ಟಣದ ಮೂರು ಮಿ.ಮೀ. ಪಟ್ಟಿಗಳು, ಪ್ಲಾಸ್ಟಿಕ್ ಗೋಣಿಯ ಎಳೆಗಳು, ಕೋಳಿ ಅಂಗಡಿಯಲ್ಲಿ ಪುಕ್ಕಟೆ ಸಿಗುವ ಹುಂಜದ ಕತ್ತಿನ ಗರಿಗಳು. ಗರಿಯನ್ನು ಸೋಪಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ತೊಳೆಯದೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಮೂರನೆಯ ದಿನ ಮನೆಯವರೇ ನಿಮ್ಮನ್ನೂ ಡಬ್ಬಿಯನ್ನೂ ಒಟ್ಟಿಗೆ ಹೊರಗೆ ಹಾಕುತ್ತಾರೆ. ಒಟ್ಟು ಲೂರ್ ಹತ್ತು ಸೆಂಟಿಮೀಟರ್ ಮೀರಬಾರದು. ಕೇದರ ತಿನ್ನುತ್ತಿರುವುದು ಕೊಲ್ಲತರುವಿನಂಥ ಸಣ್ಣ ಮೀನು, ಗೇಣುದ್ದದ ನೇರಳೆ ಬಣ್ಣದ ಅಲಂಕಾರ ನೋಡಿ ಬಾಯಿ ಬಿಡುವುದು ಗಿರಾಕಿ ಮಾತ್ರ. ಕೊಂಡಿಯ ಬಾಗು ಲಂಗದ ತುದಿಗೆ ಸರಿಯಾಗಿ ಬರಬೇಕು. ಮುಂದಿದ್ದರೆ ಮೀನು ಬಾಲ ಮಾತ್ರ ಕಚ್ಚಿ ಹೋಗುತ್ತದೆ. ಹೊಂದಿಸಲು ನಡುವೆ ಬಳೆ ಅಂಗಡಿಯ ಪ್ಲಾಸ್ಟಿಕ್ ಮಣಿ ನಾಲ್ಕಾರು ಪೋಣಿಸಿದರೆ ಸಾಕು.

ಕೊಂಡಿಯ ಮೊನೆಯನ್ನು ಉಗುರಿನ ಮೇಲೆ ಜಾರಿಸಿ ನೋಡಿ, ಜಾರಿದರೆ ಅರ ಹಾಕಬೇಕು. ಸ್ವಿವೆಲ್ ಪರೀಕ್ಷೆಗೆ ಮಾವಿನ ಕೊಂಬೆಯೊಂದು ಸಾಕು. ಸ್ವಿವೆಲನ್ನು ದಾರದಲ್ಲಿ ಕೊಂಬೆಗೆ ಕಟ್ಟಿ, ಅದಕ್ಕೆ ತುಂಬಿದ 20 ಲೀಟರ್ ನೀರಿನ ಕ್ಯಾನು ನೇತುಹಾಕಿ ಒಮ್ಮೆ ತಿರುಗಿಸಿ. ಬಾಲ್ ಬೇರಿಂಗಿನದ್ದು ಭಾರದಲ್ಲೂ ಸರಾಗ ತಿರುಗುತ್ತದೆ. ಅಗ್ಗದ ಹಿತ್ತಾಳೆಯದ್ದು ಕಚ್ಚಿಕೊಂಡು ನಿಂತು, ಮೇಲಿನ ದಾರ ಹುರಿಯಾಗತೊಡಗುತ್ತದೆ. ಸಮುದ್ರದಲ್ಲಿ ಆಗುವುದೂ ಇದೇ; ಎರಡು ಗಂಟೆ ಎಳೆದ ಮೇಲೆ ದಾರವನ್ನು ಸಡಿಲ ಬಿಟ್ಟರೆ ಅದು ತಾನೇ ತನಗೆ ಜಡೆ ಹಾಕಿಕೊಳ್ಳುತ್ತದೆ. ಸ್ಲೀವನ್ನು ಸಾದಾ ಇಕ್ಕಳದಲ್ಲಿ ಒತ್ತಿದರೆ ಒಳಗೇ ದಾರ ಗಾಯವಾಗುತ್ತದೆ. ಕ್ರಿಂಪಿಂಗ್ ಇಕ್ಕಳದಲ್ಲಿ, ಎರಡೂ ತುದಿಯಲ್ಲಿ ಒಂದೊಂದು ಮಿ.ಮೀ. ಒತ್ತದೆ ಬಿಟ್ಟು, ನಡುವೆ ಒತ್ತಬೇಕು. ಹೊರಬಂದ ದಾರದ ತುದಿಗೆ ಲೈಟರ್ ತೋರಿಸಿ ಸಣ್ಣ ಗುಂಡು ಮಾಡಿದರೆ ಜಾರುವುದಿಲ್ಲ.

ರಾಡು ನಿಲ್ಲಿಸಲು ದಪ್ಪ ಗೋಡೆಯ ಎರಡಿಂಚಿನ ಪಿವಿಸಿ ಪೈಪು ಒಂದಡಿ. ತಳದಲ್ಲಿ ಅಡ್ಡಕ್ಕೆ ಒಂದು ಸ್ಟೀಲ್ ಬೋಲ್ಟು ಹಾಕಿದರೆ ರಾಡಿನ ಬುಡದ ಕಚ್ಚು ಅದರ ಮೇಲೆ ಕೂತು ರಾಡು ತಿರುಗದು. ಬಿಸಿಲಿಗೆ ಪಿವಿಸಿ ಪೆಡಸಾಗಿ ಬಿರುಕು ಬಿಡುತ್ತದೆ, ಆದ್ದರಿಂದ ರಾಡಿಗೆ ಬೇರೆ ಹಗ್ಗದಿಂದ ದೋಣಿಗೊಂದು ಕಟ್ಟು ಇರಲಿ. ದಾರಗಳನ್ನು ಬದಿಗೆ ಸರಿಸಲು ಎರಡು ಬಿದಿರು ಗಳ, ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು. ಮೀನು ಕಚ್ಚಿದಾಗ ಕ್ಲಿಪ್ಪು ದಾರ ಬಿಡುತ್ತದೆ.

ವೇಗ ಐದರಿಂದ ಏಳು ನಾಟ್, ಎಂದರೆ ಗಂಟೆಗೆ 9ರಿಂದ 13 ಕಿ.ಮೀ. ಒಂದು ಲೂರ್ 15 ಮೀಟರ್ ಹಿಂದೆ, ಇನ್ನೊಂದು 25, ಮತ್ತೊಂದು 35. ಎಲ್ಲವೂ ಒಂದೇ ದೂರದಲ್ಲಿದ್ದರೆ ಮೊದಲ ತಿರುವಿನಲ್ಲೇ ಹೊಸೆದುಕೊಳ್ಳುತ್ತವೆ. ಲೂರ್ ಆಗಾಗ ನೀರಿನ ಮೇಲೆ ಬಂದು ಉಸಿರು ತೆಗೆದುಕೊಂಡು ಗುಳ್ಳೆ ಬಿಡುತ್ತ ಮುಳುಗಬೇಕು. ಹಾರಿ ಹಾರಿ ಬೀಳುತ್ತಿದ್ದರೆ ವೇಗ ಇಳಿಸಿ. ಹಕ್ಕಿಗಳು ನೀರಿಗೆ ಎರಗುವ ಜಾಗ ಕಂಡರೆ ನಡುವೆ ದೋಣಿ ನುಗ್ಗಿಸದೆ ಅಂಚಿನಲ್ಲೇ ಸುತ್ತು ಬನ್ನಿ, ನುಗ್ಗಿದರೆ ಗುಂಪು ತಳಕ್ಕಿಳಿಯುತ್ತದೆ. ಒಂದು ಕಚ್ಚಿದ ತಕ್ಷಣ ಎಂಜಿನ್ ನಿಲ್ಲಿಸಬೇಡಿ, ಗುಂಪಿನ ಇನ್ನೊಂದು ಕಚ್ಚುವುದು ಆಗಲೇ. ಆಮೇಲೂ ದೋಣಿ ಮೆಲ್ಲಗೆ ಮುಂದೆ ಹೋಗುತ್ತಿರಲಿ, ಕೇದರ ದೋಣಿಯಡಿ ಸುತ್ತು ಹೊಡೆದು ದಾರವನ್ನು ಪ್ರೊಪೆಲ್ಲರ್‌ಗೆ ಒಪ್ಪಿಸಲು ಬಹಳ ಉತ್ಸುಕ. ದಾರ ನುಣ್ಣಗೆ ಕತ್ತರಿಸಿಕೊಂಡು ಬಂದರೆ ಅದು ಅಂಜಲ್‌ನ ಹಲ್ಲು. ಅದಕ್ಕೆಂದು ಒಂದೇ ಒಂದು ಗಾಳಕ್ಕೆ ಗೇಣುದ್ದ ತಂತಿ ಹಾಕಿ, ಎಲ್ಲಕ್ಕೂ ಹಾಕಿದರೆ ಕೇದರ ದೂರ ಉಳಿಯುತ್ತದೆ.

ಲೂರಿನಲ್ಲಿ ಉಳಿಸಿದ ದುಡ್ಡೆಲ್ಲ ಪೆಟ್ರೋಲಿಗೆ ಹೋಗುತ್ತದೆ, ಅದಕ್ಕೆ ಮದ್ದಿಲ್ಲ. ಲೈಫ್ ಜಾಕೆಟ್ ಮತ್ತು ಕೋಸ್ಟ್ ಗಾರ್ಡಿನ 1554 ನಂಬರಿಗೆ ಮಾತ್ರ ಉಳಿತಾಯದ ಯೋಚನೆ ಬೇಡ.

ಐಸನ್ನು ಮರೆತರೆ ಇಷ್ಟೂ ವ್ಯರ್ಥ. ಕೇದರದ ಮೈ ಸಮುದ್ರದ ನೀರಿಗಿಂತ ಬೆಚ್ಚಗಿರುತ್ತದೆ, ಬಿಸಿಲಿನಲ್ಲಿ ಬಿಟ್ಟರೆ ಹಿಸ್ಟಮಿನ್ ಎಂಬ ವಿಷ ಬೇಗ ಹುಟ್ಟುತ್ತದೆ, ಅದು ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗಿ, ಮೈ ತುರಿಸಿ, ನಿಮ್ಮ ಹವ್ಯಾಸದ ಬಗ್ಗೆ ಎರಡು ಮಾತು ಕೇಳಬೇಕಾಗುತ್ತದೆ. ಎತ್ತಿದ ಕೂಡಲೇ ಎದೆರೆಕ್ಕೆಯ ಹಿಂದೆ ಕೊಯ್ದು ರಕ್ತ ಇಳಿಸಿ, ಐಸು ಮತ್ತು ಸಮುದ್ರದ ನೀರು ಬೆರೆಸಿದ ಪೆಟ್ಟಿಗೆಗೆ ಹಾಕಬೇಕು. ಮೀನಿನ ತೂಕದಷ್ಟಾದರೂ ಐಸು ಇರಲಿ, ಎರಡರಷ್ಟಿದ್ದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಮಾಡಿ, ಬಿಸಿಲಿಗೆ ಕರ್ರಗಾಗಿ, ಮೂರು ಕೆಜಿಯ ಕೇದರವನ್ನು ಎತ್ತಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಾಗ ಒಂದು ವಿಷಯ ನೆನಪಿರಲಿ: ಕರಾವಳಿಯ ಮನೆಗಳಲ್ಲಿ ಕೇದರಕ್ಕೆ ಅಂಜಲ್‌ನ ಮರ್ಯಾದೆ ಇಲ್ಲ. ಅಮ್ಮ ಅದನ್ನು ಒಮ್ಮೆ ಮಗುಚಿ ನೋಡಿ, "ಇದನ್ನು ಎಂತ ಮಾಡುದು? ಬಂಗುಡೆ ಸಿಗ್ಲಿಲ್ವಾ ನಿಂಗೆ?" ಎಂದು ಕೇಳುತ್ತಾರೆ.