ಹಳೇ ಮಿನಿ ಟ್ರ್ಯಾಕ್ಟರ್ ಮನೆಗೆ ಬಂತಾ? ರೋಟವೇಟರ್ ಕಟ್ಟುವ ಮೊದಲು ಆಯಿಲ್ ಇಳಿಸಿ

"ಮೊನ್ನೆ ತಾನೇ ಸರ್ವಿಸ್ ಆಗಿದೆ ಅಣ್ಣ, ಸೀದಾ ತಗೊಂಡೋಗಿ ಕೆಲಸಕ್ಕೆ ಹಾಕಿ."

ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರ್ ಮಾರುವವರ ಬಾಯಲ್ಲಿ ಈ ಮಾತು ಬಂದೇ ಬರುತ್ತದೆ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಸರ್ವಿಸ್ ಅಂದರೆ ಬರೀ ಎಂಜಿನ್ ಆಯಿಲ್ ಇರಬಹುದು. ಯಾವ ಗ್ರೇಡ್ ಹಾಕಿದರೋ, ಫಿಲ್ಟರ್ ಬದಲಾಯಿಸಿದರೋ ಇಲ್ಲ ಹಳೆಯದನ್ನೇ ಒರೆಸಿ ಕೂರಿಸಿದರೋ ನಿಮಗೆ ಗೊತ್ತಾಗುವುದಿಲ್ಲ. ಅಡಿಕೆ, ತೆಂಗು, ದ್ರಾಕ್ಷಿ ತೋಟಗಳ ಸಾಲಿನ ನಡುವೆ ನುಗ್ಗಬಲ್ಲ ಈ ಸಣ್ಣ ಗಾಡಿಗಳಿಗೆ ಈಗ ಹಳ್ಳಿಹಳ್ಳಿಯಲ್ಲೂ ಬೇಡಿಕೆ ಇದೆ. 15 ಎಚ್‌ಪಿಯ ಯುವರಾಜ್ 215 ಇರಲಿ, 18.5 ಎಚ್‌ಪಿಯ ಶಕ್ತಿ ಎಂಟಿ 180ಡಿ ಇರಲಿ, 24 ಎಚ್‌ಪಿಯ ಕುಬೋಟಾ ಬಿ2441 ಇರಲಿ, ನಾನು ಹೇಳುವುದು ಒಂದೇ: ತಂದ ಮೊದಲ ವಾರ ಅದನ್ನು ಹೊಲಕ್ಕೆ ಇಳಿಸಬೇಡಿ. ಒಳಗಿರುವ ಆಯಿಲ್, ನೀರು, ಡೀಸೆಲ್ ಎಲ್ಲವನ್ನೂ ಇಳಿಸಿ, ಇಳಿದದ್ದನ್ನು ಕಣ್ಣಾರೆ ನೋಡಿ, ಹೊಸದು ಹಾಕಿ. ಆ ಗಾಡಿಯನ್ನು ಹಿಂದಿನವರು ಹೇಗೆ ನೋಡಿಕೊಂಡಿದ್ದರು ಅನ್ನುವುದಕ್ಕೆ ಇಳಿದ ಆಯಿಲ್‌ಗಿಂತ ನಂಬಿಕಸ್ಥ ಸಾಕ್ಷಿ ಸಿಗುವುದಿಲ್ಲ.

ಮೀಟರ್ ತೋರಿಸುವ ಗಂಟೆಗಳನ್ನು ನಂಬಿ ಕೂರಬೇಡಿ. ಮೀಟರ್ 600 ಗಂಟೆ ತೋರಿಸುತ್ತಿದ್ದು, ಕ್ಲಚ್ ಪೆಡಲ್‌ನ ಗೀರುಗಳು ಸವೆದು ಕನ್ನಡಿಯಂತಾಗಿದ್ದರೆ, ಹಿಂದೆ ಉಪಕರಣ ಕಟ್ಟುವ ಲಿಂಕ್‌ಗಳ ಪಿನ್ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಲೆಕ್ಕ ಬೇರೆಯೇ ಇದೆ ಅಂತರ್ಥ.

ಎಂಜಿನ್ ಆಯಿಲ್‌ನಿಂದ ಶುರು ಮಾಡಿ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಕೆಳಗಿನ ಡ್ರೈನ್ ಬೋಲ್ಟನ್ನು ನಿಧಾನಕ್ಕೆ ಸಡಿಲಿಸಿ, ನಾಲ್ಕು ಹನಿ ಬರುವಷ್ಟು ಮಾತ್ರ. ಆಯಿಲ್‌ಗಿಂತ ನೀರು ಭಾರ, ಹಾಗಾಗಿ ಒಳಗೆ ನೀರು ಸೇರಿದ್ದರೆ ಅದೇ ಮೊದಲು ಇಳಿಯುತ್ತದೆ. ನೀರು ಕಂಡರೆ ಅಲ್ಲಿಗೇ ನಿಲ್ಲಿಸಿ, ಎಂಜಿನ್ ಓಡಿಸದೆ ಮೆಕ್ಯಾನಿಕ್ ಕರೆಸಿ. ಇಲ್ಲದಿದ್ದರೆ ಬೋಲ್ಟ್ ಬಿಗಿ ಮಾಡಿ ಹತ್ತು ಹದಿನೈದು ನಿಮಿಷ ಓಡಿಸಿ, ಬಿಸಿಯಾದ ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಪೂರ್ತಿ ಇಳಿಸಿ. ತಣ್ಣಗಿರುವಾಗ ಇಳಿಸಿದರೆ ಮಡ್ಡಿ ತಳದಲ್ಲೇ ಉಳಿಯುತ್ತದೆ.

ಬಣ್ಣ ಕಪ್ಪಿದೆ ಅಂತ ಹೆದರಬೇಡಿ. ಡೀಸೆಲ್ ಎಂಜಿನ್ನಿನ ಆಯಿಲ್ ಹಾಕಿದ ಕೆಲವೇ ಗಂಟೆಯಲ್ಲಿ ಮಸಿ ಹಿಡಿದು ಕಪ್ಪಾಗುವುದು ಸಹಜ. ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಕೂಲಂಟ್ ನೀರು ಬೆರೆಯುತ್ತಿದೆ ಅಂತ. ಹೆಡ್ ಗ್ಯಾಸ್ಕೆಟ್, ಹೆಡ್‌ನ ಬಿರುಕು ಅಥವಾ ಲೈನರ್ ಸೀಲ್ ನೋಡಿಸಬೇಕು. ಆಯಿಲ್ ಅಳೆಯುವ ಕಡ್ಡಿಯಲ್ಲಿ ಮಟ್ಟ ಮೇಲಿನ ಗೆರೆ ದಾಟಿದ್ದು, ಮೂಗಿಗೆ ಡೀಸೆಲ್ ವಾಸನೆ ಹೊಡೆದರೆ ಡೀಸೆಲ್ ಪಂಪಿನ ಸೀಲ್ ಅಥವಾ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಮೂಲಕ ಡೀಸೆಲ್ ಆಯಿಲ್‌ಗೆ ಇಳಿಯುತ್ತಿದೆ. ಅಂಥ ತೆಳು ಆಯಿಲ್‌ನಲ್ಲಿ ಬೇರಿಂಗ್ ಬೇಗ ಹೋಗುತ್ತದೆ. ಕೊನೆಗೆ ಉಳಿದ ಮಡ್ಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ಬಿಸಿಲಿಗೆ ಹಿಡಿಯಿರಿ. ನುಣುಪಾಗಿ ಕಪ್ಪಗಿದ್ದರೆ ಸರಿ. ಮಿನುಗು ಪುಡಿ ಕಂಡರೆ ಅಯಸ್ಕಾಂತ ಆಡಿಸಿ. ಅಂಟಿಕೊಂಡದ್ದು ಕಬ್ಬಿಣ. ಅಂಟದೆ ಹೊಳೆಯುವುದು ಬೇರಿಂಗ್, ಬುಷ್ ಅಥವಾ ಪಿಸ್ಟನ್ನಿನ ಲೋಹ ಇರಬಹುದು, ಅದಕ್ಕೆ ಇನ್ನೂ ಹೆಚ್ಚು ಗಮನ ಬೇಕು.

ಹೊಸ ಫಿಲ್ಟರಿನ ರಬ್ಬರ್ ರಿಂಗ್‌ಗೆ ಆಯಿಲ್ ಸವರಿ, ಕೈಯಲ್ಲಿ ತಿರುಗಿಸಿ. ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು ಸಾಕು, ಸ್ಪ್ಯಾನರ್ ಹಾಕಿ ಬಿಗಿಯಬೇಡಿ. ಹಳೆ ಫಿಲ್ಟರಿನ ರಬ್ಬರ್ ಎಂಜಿನ್ನಿಗೇ ಅಂಟಿ ಉಳಿದಿಲ್ಲ ಅಂತ ಬೆರಳಾಡಿಸಿ ನೋಡಿ. ಎರಡು ರಬ್ಬರ್ ಒಂದರ ಮೇಲೊಂದು ಕೂತರೆ ಸ್ಟಾರ್ಟ್ ಮಾಡಿದ ನಿಮಿಷದಲ್ಲಿ ಆಯಿಲ್ ಎಲ್ಲ ನೆಲಕ್ಕೆ ಸುರಿಯುತ್ತದೆ. ಡ್ರೈನ್ ಬೋಲ್ಟಿನ ತಾಮ್ರದ ವಾಷರ್ ಹೊಸದು ಹಾಕಿ. ನಮ್ಮ ಹವೆಗೆ 15ಡಬ್ಲ್ಯು-40 ಡೀಸೆಲ್ ಗ್ರೇಡ್ ಸಾಮಾನ್ಯವಾಗಿ ಹೊಂದುತ್ತದೆ. ಎಷ್ಟು ಲೀಟರ್ ಅನ್ನುವುದು ಮಾಡೆಲ್‌ಗೆ ತಕ್ಕಂತೆ ಬದಲಾಗುತ್ತದೆ, ಕಂಪನಿ ಕೊಟ್ಟ ಪುಸ್ತಕದ ಲೆಕ್ಕದಷ್ಟು ಹಾಕಿ ಕಡ್ಡಿಯಲ್ಲಿ ನೋಡಿ. ಒಂದೆರಡು ನಿಮಿಷ ಓಡಿಸಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ, ಫಿಲ್ಟರ್ ತುಂಬಿಕೊಂಡಷ್ಟು ಮಟ್ಟ ಇಳಿದಿರುತ್ತದೆ. ಇಳಿಸಿದ ಆಯಿಲನ್ನು ದಯವಿಟ್ಟು ತೋಟದ ಬದುವಿಗೋ ಬಾವಿ ಪಕ್ಕಕ್ಕೋ ಚೆಲ್ಲಬೇಡಿ, ಡಬ್ಬಕ್ಕೆ ತುಂಬಿ ಗ್ಯಾರೇಜಿಗೆ ಕೊಡಿ.

ಈಗ ಏರ್ ಕ್ಲೀನರ್. ಹಳೇ ಗಾಡಿಗಳ ಎಂಜಿನ್ ಅಕಾಲಕ್ಕೆ ಹಾಳಾಗುವುದಕ್ಕೆ ದೊಡ್ಡ ಕಾರಣ ಧೂಳು ಅಂತಲೇ ನಾನು ಹೇಳುತ್ತೇನೆ. ಬೇಸಿಗೆಯಲ್ಲಿ ಒಣ ಕೆಮ್ಮಣ್ಣಿಗೆ ರೋಟವೇಟರ್ ಬಿಟ್ಟಾಗ ಗಾಡಿ ಧೂಳಿನ ಮೋಡದೊಳಗೇ ಓಡುತ್ತದೆ, ಅದೇ ಗಾಳಿಯನ್ನೇ ಎಂಜಿನ್ ಎಳೆದುಕೊಳ್ಳುತ್ತದೆ. ಒಂದು ಸುಲಭ ಪರೀಕ್ಷೆ ಇದೆ. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿ, ಎಂಜಿನ್ ಕಡೆಯ ಬಾಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳಾಡಿಸಿ. ಬಟ್ಟೆ ಸ್ವಚ್ಛವಾಗಿದ್ದರೆ ಅಥವಾ ಸ್ವಲ್ಪ ಆಯಿಲ್ ಪಸೆ ಇದ್ದರೆ ಚಿಂತೆ ಇಲ್ಲ. ಕೆಂಪು ಪುಡಿ ಹತ್ತಿದರೆ ಫಿಲ್ಟರ್ ದಾಟಿದ ಮಣ್ಣು ಸಿಲಿಂಡರಿಗೆ ಹೋಗಿದೆ. ರಿಂಗ್, ಲೈನರ್‌ಗೆ ಅದು ಉಪ್ಪುಕಾಗದ ಉಜ್ಜಿದ ಹಾಗೆ. ಹೋಸನ್ನು ಬಗ್ಗಿಸಿ ನೋಡಿ, ಮಡಿಕೆಗಳ ನಡುವಿನ ಸಣ್ಣ ಸೀಳು ನೇರ ಇರುವಾಗ ಕಾಣುವುದಿಲ್ಲ. ಸೀಳಿದ್ದರೆ ಟೇಪ್ ಸುತ್ತಬೇಡಿ, ಹೊಸ ಹೋಸ್, ಹೊಸ ಕ್ಲಿಪ್ ಹಾಕಿ.

ಧೂಳನ್ನು ಆಯಿಲ್‌ನಲ್ಲಿ ಹಿಡಿಯುವ ಆಯಿಲ್ ಬಾತ್ ಮಾದರಿಯದಾದರೆ ಕೆಳಗಿನ ಬಟ್ಟಲು ಬಿಚ್ಚಿ, ಮಡ್ಡಿ ಚೆಲ್ಲಿ, ಡೀಸೆಲ್‌ನಲ್ಲಿ ತೊಳೆದು, ಗುರುತಿನ ಗೆರೆವರೆಗೆ ಎಂಜಿನ್ ಆಯಿಲ್ ಹಾಕಿ. ಗೆರೆಗಿಂತ ಹೆಚ್ಚು ಹಾಕಿದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಉರಿಸಿ, ಕೈಗೆ ಸಿಗದ ವೇಗಕ್ಕೆ ಏರುವ ಅಪಾಯವಿದೆ. ಧೂಳಿನ ಕಾಲದಲ್ಲಿ ಈ ಬಟ್ಟಲನ್ನು ದಿನಾ ನೋಡಬೇಕು. ಕಾಗದದ ಒಣ ಫಿಲ್ಟರ್ ಆದರೆ ಒಳಗಿನಿಂದ ಹೊರಗೆ ಗಾಳಿ ಹೊಡೆಯಿರಿ, 30 ಪಿಎಸ್‌ಐ ದಾಟಬಾರದು. ಪಂಕ್ಚರ್ ಅಂಗಡಿಯ ಪೂರ್ತಿ ಗಾಳಿ ಬಿಟ್ಟರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ನೆಲಕ್ಕೆ ಬಡಿದು ಧೂಳು ಉದುರಿಸುವುದೂ ಬೇಡ, ಅಂಚು ಸೊಟ್ಟಗಾಗಿ ಸೀಲ್ ಕೂರುವುದಿಲ್ಲ. ಒಳಗಿನ ಸಣ್ಣ ಫಿಲ್ಟರನ್ನು ಸ್ವಚ್ಛ ಮಾಡಲು ಹೋಗಬೇಡಿ, ಬದಲಾಯಿಸಿಬಿಡಿ.

ರೇಡಿಯೇಟರಿಗೆ ನಮ್ಮಲ್ಲಿ ಬೋರ್‌ವೆಲ್ ನೀರೇ ಗತಿ ಅನ್ನುವಂತಾಗಿದೆ. ಬಿಸಿನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಚಕ್ಕೆ ಇದೆಯಲ್ಲ, ಅದೇ ಎಂಜಿನ್ ಬ್ಲಾಕಿನೊಳಗೂ ಕಟ್ಟುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆದು ನೀರಿಳಿಸಿ, ತುಕ್ಕಿನ ಬಣ್ಣ ಹೋಗುವವರೆಗೂ ತೊಳೆದು, ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಅರ್ಧಕ್ಕರ್ಧ ಬೆರೆಸಿ ಹಾಕಿ. ಮುಚ್ಚಳದ ರಬ್ಬರ್ ಒಡೆದಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಜಾಲರಿಯಲ್ಲಿ ಸಿಕ್ಕಿಕೊಂಡ ಹುಲ್ಲು, ಹೊಟ್ಟನ್ನು ಎಂಜಿನ್ ಕಡೆಯಿಂದ ಹೊರಗೆ ಬರುವಂತೆ ಮೆತ್ತಗೆ ನೀರು ಬಿಟ್ಟು ತೆಗೆಯಿರಿ, ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಫ್ಯಾನ್ ಬೆಲ್ಟ್ ನಡುವೆ ಹೆಬ್ಬೆರಳಲ್ಲಿ ಒತ್ತಿದಾಗ 10ರಿಂದ 15 ಮಿಲಿಮೀಟರ್ ತಗ್ಗಿದರೆ ಸಾಕು. ಇನ್ನೊಂದು ವಿಚಾರ: ಬಿಸಿಯಾಗುತ್ತದೆ ಅಂತ ಎಂಜಿನ್ನಿನ ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕಿತ್ತು ಬಿಸಾಡಿದ ಗಾಡಿಗಳು ಬಹಳ. ಬೇಕಾದ ಬಿಸಿಗೆ ಬರದ ಎಂಜಿನ್ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಬಿಚ್ಚಿ ನೋಡಿ, ಇಲ್ಲದಿದ್ದರೆ ಹಾಕಿಸಿ.

ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು, ಕೊಳೆ ಇದ್ದೇ ಇರುತ್ತದೆ ಅಂದುಕೊಂಡೇ ಹೊರಡಿ. ಟ್ಯಾಂಕ್ ಬರಿದು ಮಾಡಿ ತೊಳೆದು, ಗಾಜಿನ ಬಟ್ಟಲಿದ್ದರೆ ಸ್ವಚ್ಛ ಮಾಡಿ, ಫಿಲ್ಟರ್ ಹೊಸದು ಹಾಕಿ. ಆಮೇಲೆ ಡೀಸೆಲ್ ಪೈಪಿನಲ್ಲಿ ಸೇರಿದ ಏರ್ (ಗಾಳಿ) ತೆಗೆಯಬೇಕು. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತುತ್ತಾ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್ ಬರುತ್ತದೆ. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ, ಮುಂದೆ ಪಂಪಿನ ಮೇಲಿನ ಸ್ಕ್ರೂಗೂ ಹೀಗೇ. ಸೆಲ್ಫ್ (ಸ್ಟಾರ್ಟರ್ ಮೋಟಾರ್) ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ. ನಾಜಲ್ ಪೈಪ್ ಸೋರುತ್ತಿದೆಯಾ ಅಂತ ಓಡುವ ಎಂಜಿನ್ನಿಗೆ ಕೈ ಇಡಲೇಬೇಡಿ, ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ. ಬೆಳಿಗ್ಗೆ ಬಿಳಿ ಹೊಗೆ ಉಗುಳುತ್ತಾ ಒದ್ದಾಡುವ ಗಾಡಿಗೆ ಹೀಟರ್ ಪ್ಲಗ್ ಇದ್ದರೆ ಮೊದಲು ಅದನ್ನು ಮೀಟರಿನಲ್ಲಿ ಪರೀಕ್ಷಿಸಿ. ಪೆಟ್ರೋಲ್ ಅದ್ದಿದ ಬಟ್ಟೆಯನ್ನು ಏರ್ ಕ್ಲೀನರ್ ಬಾಯಿಗೆ ಹಿಡಿದು ಸ್ಟಾರ್ಟ್ ಮಾಡುವ ಅಭ್ಯಾಸ ಪಿಸ್ಟನ್ನಿಗೂ ಹಿಡಿದವರ ಮುಖಕ್ಕೂ ಅಪಾಯ.

ಗೇರ್‌ಬಾಕ್ಸ್, ಹೈಡ್ರಾಲಿಕ್ ಆಯಿಲ್ ಬಹುತೇಕ ಗಾಡಿಗಳಲ್ಲಿ ಒಂದೇ ತೊಟ್ಟಿಯಲ್ಲಿರುತ್ತದೆ. ಕೆಸರು ಗದ್ದೆಯಲ್ಲಿ ದುಡಿದ ಗಾಡಿಯದ್ದು ಇಳಿಸಿದರೆ ಬೆಳ್ಳಗೆ ಮಜ್ಜಿಗೆ ಹಾಗೆ ಬರುವುದುಂಟು. ಗೇರ್ ಲಿವರಿನ ಹರಿದ ಬೂಟ್, ಸವೆದ ಆಕ್ಸಲ್ ಸೀಲ್, ಪಿಟಿಒ (ಉಪಕರಣ ತಿರುಗಿಸುವ ಹಿಂದಿನ ಶಾಫ್ಟ್) ಸೀಲ್ ಮೂಲಕ ನೀರು ನುಗ್ಗಿರುತ್ತದೆ. ಸೀಲ್ ಸರಿಮಾಡದೆ ಹೊಸ ಆಯಿಲ್ ಹಾಕಿದರೆ ಮುಂದಿನ ನಾಟಿಗೆ ಮತ್ತೆ ಮಜ್ಜಿಗೆಯೇ. ಹೈಡ್ರಾಲಿಕ್ ಜಾಲರಿ ತೊಳೆಯಿರಿ. ಲಿಫ್ಟ್ ಎತ್ತಲು ತಡ ಮಾಡುವುದು, ನಡುಗುತ್ತಾ ಏಳುವುದು, ಪಂಪ್ ಕಿರುಚುವುದು ಎಷ್ಟೋ ಸಲ ಈ ಜಾಲರಿ ಕಟ್ಟಿಕೊಂಡದ್ದರಿಂದಲೇ. ಪಂಪ್ ಬದಲಾಯಿಸಿ ಅನ್ನುವವರ ಮಾತು ಕೇಳುವ ಮೊದಲು ಇದನ್ನು ನೋಡಿ. ಆಯಿಲ್‌ನಲ್ಲಿ ಮುಳುಗಿದ ಬ್ರೇಕ್ ಇರುವ ಗಾಡಿಗೆ ಪುಸ್ತಕ ಹೇಳಿದ ಟ್ರಾನ್ಸ್‌ಮಿಷನ್ ಆಯಿಲನ್ನೇ ಹಾಕಬೇಕು, ಬೇರೇನೋ ಸುರಿದರೆ ಬ್ರೇಕ್ ಕಿರುಗುಡುತ್ತದೆ, ಹಿಡಿತ ತಪ್ಪುತ್ತದೆ.

ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಆಕ್ಸಲ್‌ಗೆ ಬೇರೆಯೇ ಆಯಿಲ್ ಇದೆ. ಇದನ್ನು ಮರೆಯುವವರೇ ಹೆಚ್ಚು. ನಡುವಿನ ಕ್ರೌನ್ ಗೇರ್ ಪೆಟ್ಟಿಗೆಗೊಂದು, ಎರಡು ಚಕ್ರದ ಬಳಿ ಒಂದೊಂದು ಡ್ರೈನ್ ಬೋಲ್ಟ್ ಇರಬಹುದು, ಮೂರನ್ನೂ ಹುಡುಕಿ. ಮುಂದಿನ ಹಿಂದಿನ ಟೈರುಗಳ ಅಳತೆ ಕಂಪನಿ ಕೊಟ್ಟ ಜೋಡಿಯೇ ಇರಬೇಕು. ಅಗ್ಗಕ್ಕೆ ಸಿಕ್ಕ ಬೇರೆ ಅಳತೆಯ ಟೈರ್ ಹಾಕಿದ್ದರೆ ಮುಂದಿನ ಹಿಂದಿನ ಚಕ್ರಗಳು ಒಂದನ್ನೊಂದು ಎಳೆದಾಡಿ ಗೇರ್ ಮುರಿಯುವವರೆಗೂ ಹೋಗುತ್ತದೆ. ಟಾರ್ ರಸ್ತೆಗೆ ಬಂದ ತಕ್ಷಣ ಫೋರ್ ವೀಲ್ ತೆಗೆದುಬಿಡಿ.

ಗ್ರೀಸ್ ನಿಪ್ಪಲ್‌ಗಳನ್ನು ಎಣಿಸಿ, ಸಂಖ್ಯೆ ಬರೆದಿಡಿ. ಮಣ್ಣು ಮುಚ್ಚಿ ಕಾಣದಂತಾದ ಒಂದೆರಡು ಇದ್ದೇ ಇರುತ್ತವೆ, ಮುಂದಿನ ಆಕ್ಸಲ್‌ನ ನಡುಪಿನ್ನಿನದು ಅದರಲ್ಲಿ ಮುಖ್ಯ. ಗನ್ ಹಿಡಿಯುವ ಮೊದಲು ಒರೆಸಿ, ಹಳೆ ಗ್ರೀಸ್ ಅಂಚಿನಿಂದ ಹೊರಬರುವವರೆಗೂ ಒತ್ತಿ. ಕೆಸರಿನ ಕೆಲಸವಿದ್ದರೆ ದಿನಾ ಸಂಜೆ. ರೋಟವೇಟರಿನ ಗೇರ್‌ಬಾಕ್ಸ್, ಪಕ್ಕದ ಚೈನ್ ಪೆಟ್ಟಿಗೆಯ ಆಯಿಲ್ ಕೂಡ ಇದೇ ಸರದಿಯಲ್ಲಿ ನೋಡಿ.

ಬ್ಯಾಟರಿ ನಿಂತಾಗ 12.6 ವೋಲ್ಟ್ ಹತ್ತಿರ, ಎಂಜಿನ್ ಓಡುವಾಗ ಸುಮಾರು 14 ಇದ್ದರೆ ಡೈನಮೋ ಸರಿಯಿದೆ. ಟರ್ಮಿನಲ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಅದು ಕೊನೆಗೆ. ಬಿಸಿನೀರಲ್ಲಿ ತೊಳೆದು ಒಣಗಿಸಿ ವ್ಯಾಸಲೀನ್ ಸವರಿ.

ಗೇರ್‌ನಲ್ಲಿರುವಾಗ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ಚನ್ನು ಹಿಂದಿನವರು ವೈರ್ ಜೋಡಿಸಿ ತಪ್ಪಿಸಿದ್ದಾರಾ ಅಂತ ತಪ್ಪದೇ ನೋಡಿ. ಕೆಳಗೆ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫ್‌ಗೆ ಶಾರ್ಟ್ ಕೊಟ್ಟಾಗ ಗಾಡಿ ಗೇರ್‌ನಲ್ಲಿದ್ದರೆ ಅದು ಹೊರಡುವುದು ನಿಂತವರ ಮೇಲೆಯೇ. ಎಡ, ಬಲ ಹಿಂಚಕ್ರಗಳ ಎರಡು ಬ್ರೇಕ್ ಪೆಡಲ್‌ಗಳ ಬಿಡುವು ಸಮ ಇದೆಯಾ ನೋಡಿ, ರಸ್ತೆಯಲ್ಲಿ ಎರಡನ್ನೂ ಕೊಂಡಿ ಹಾಕಿ ಸೇರಿಸಿ. ಒಂದೇ ಬ್ರೇಕ್ ಹಿಡಿದರೆ ವೇಗದಲ್ಲಿ ಗಾಡಿ ಪಲ್ಟಿ. ಪಿಟಿಒ ಶಾಫ್ಟ್‌ನ ಕವರ್ ಕಿತ್ತುಹೋಗಿದ್ದರೆ ಹಾಕಿಸಿದ ಮೇಲೆಯೇ ಕೆಲಸ. ನಿಮಿಷಕ್ಕೆ 540 ಸುತ್ತು ಅಂದರೆ ಸೆಕೆಂಡಿಗೆ ಒಂಬತ್ತು. ಟವಲ್ಲಿನ ಚುಂಗು, ಸೆರಗು ಸಿಕ್ಕಿದರೆ ಕೈ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನೆಲ ಹಿಡಿಯುವ ಗುಬುಟು ಚೆನ್ನಾಗಿದ್ದರೂ ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಹುಷಾರು. ಮೊದಲ ಹತ್ತು ಗಂಟೆ ಕೆಲಸವಾದ ಮೇಲೆ ಚಕ್ರದ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ.

ಬಾನೆಟ್ಟಿಗೆ ಹೊಸ ಪೇಂಟ್, ಟೇಪ್ ರೆಕಾರ್ಡರ್, ಎಲ್‌ಇಡಿ ಲೈಟು ಮುಂದಿನ ವರ್ಷಕ್ಕಿರಲಿ. ಆ ದುಡ್ಡಲ್ಲಿ ಇನ್ನೊಂದು ಸಲಕ್ಕಾಗುವಷ್ಟು ಎಂಜಿನ್ ಆಯಿಲ್, ಫಿಲ್ಟರ್ ತಂದಿಡಿ. ಎಂಜಿನ್ ಮತ್ತು ಚಾಸಿಸ್ ನಂಬರಿನ ಫೋಟೊ ಮೊಬೈಲಿನಲ್ಲಿರಲಿ, ಒಂದೇ ಹೆಸರಿನ ಮಾಡೆಲ್‌ನಲ್ಲೂ ವರ್ಷಕ್ಕೆ ತಕ್ಕಂತೆ ಸೀಲ್, ಫಿಲ್ಟರ್ ಬದಲಾಗಿರುತ್ತವೆ. ಹೊಸ ಫಿಲ್ಟರ್ ಮೇಲೆ ಮಾರ್ಕರ್‌ನಲ್ಲಿ ತಾರೀಖು, ಮೀಟರ್ ಗಂಟೆ ಬರೆಯಿರಿ. ಸಾಮಾನ್ಯವಾಗಿ ಪುಸ್ತಕದಲ್ಲಿ 250 ಗಂಟೆ ಅಂತಿದ್ದರೂ, ಈ ಮೊದಲ ಸಲದ ಆಯಿಲನ್ನು 50 ಗಂಟೆಗೇ ಇಳಿಸಿ. ಹೊಸ ಆಯಿಲ್ ಒಳಗಿನ ಹಳೇ ಮಡ್ಡಿಯನ್ನು ಬಿಡಿಸಿಕೊಂಡು ಬಂದಿರುತ್ತದೆ. ಮೊದಲ ಸಲ ಮಿನುಗು ಪುಡಿ ಕಂಡಿದ್ದರೆ, ಎರಡನೇ ಸಲ ಅದು ಕಡಿಮೆಯಾಗಿದೆಯೋ ಹೆಚ್ಚಾಗಿದೆಯೋ ನೋಡಿ, ಎಂಜಿನ್ ಬಿಚ್ಚಿಸಬೇಕೋ ಬೇಡವೋ ಅಂತ ಆಗ ತೀರ್ಮಾನಿಸಿ.